ಮೊದ್ಲು ರೇಷನ್ ಕಾರ್ಡ್ ಬೇರೆ ಮಾಡಿಸ್ಕೊಳ್ಳಿ
ಅಕ್ಕಾ, ಗಂಡ ಬಿಟ್ಟೋಗಿ ಎರಡು ವರ್ಷ ಆಯ್ತು, ಹೆಸರು ಇನ್ನೂ ಅತ್ತೆ ಕಾರ್ಡಲ್ಲೇ ಇದೆ, ಗೃಹಲಕ್ಷ್ಮಿ ದುಡ್ಡು ಬರ್ತಿಲ್ಲ ಅಂದ್ರಲ್ಲ, ತೊಡಕು ಇರೋದೇ ಆ ಕಾರ್ಡಲ್ಲಿ. ತಿಂಗಳ 2000 ಹೋಗೋದು ಕಾರ್ಡಲ್ಲಿ ಯಜಮಾನಿ ಅಂತ ಇರೋರಿಗೆ, ಅಂದ್ರೆ ನಿಮ್ಮತ್ತೆಗೆ. ನಿಮ್ದು ಮಕ್ಕಳ್ದು ಹೆಸರು ತೆಗೆಸಿ ಬೇರೆ ಕಾರ್ಡಿಗೆ ಅರ್ಜಿ ಹಾಕಿ, ನಮ್ಮಕ್ಕನೂ ಹಂಗೇ ಮಾಡಿದ್ದು, ಸರ್ವರ್ ಇಲ್ಲ ಅಂತ ನಾಲ್ಕು ಸಲ ವಾಪಸ್ ಕಳ್ಸಿದ್ರು, ಐದನೇ ಸಲ ಬೆಳಗ್ಗೆ ಎಂಟಕ್ಕೇ ಹೋಗಿ ಬಾಗ್ಲಲ್ಲಿ ಕೂತ್ಲು ನೋಡಿ. ವಯಸ್ಸು 40 ದಾಟಿ ಡಿವೋರ್ಸ್ ಆಗಿದ್ರೆ ನಾಡಕಚೇರೀಲಿ ಮನಸ್ವಿನಿ ಪಿಂಚಣಿ ಕೇಳಿ. ಜೀವನಾಂಶದ ಕೇಸಿಗೆ ಫೀಸ್ ಇಲ್ಲ ಅಂತ ಸುಮ್ನಿರಬೇಡಿ, ತಾಲ್ಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇರತ್ತೆ, ಹೆಣ್ಮಕ್ಕಳಿಗೆ ಆದಾಯ ನೋಡ್ದೆ ಫ್ರೀ ಲಾಯರ್ ಕೊಡ್ತಾರೆ, ಫೋನ್ 15100. ಮದ್ವೆ ಫೋಟೋ, ಮಕ್ಕಳ ಬರ್ತ್ ಸರ್ಟಿಫಿಕೇಟ್ ತಗೊಂಡೇ ಹೋಗಿ.