ಓದುಗರ ಪ್ರಶ್ನೆ: ಗೀತೆಯ 13ನೇ ಅಧ್ಯಾಯದಲ್ಲಿ ಒಂದು ಶ್ಲೋಕ ಹೆಚ್ಚು ಹೇಗೆ?

ಪ್ರಶ್ನೆ: ನಮ್ಮೂರ ದೇವಸ್ಥಾನದಲ್ಲಿ ಶನಿವಾರ ಸಂಜೆ ಹತ್ತು ಹನ್ನೆರಡು ಜನ ಗೀತೆ ಓದುತ್ತೇವೆ. 13ನೇ ಅಧ್ಯಾಯ ಬಂತೆಂದರೆ ಗೊಂದಲ. ‘ಎರಡನೇ ಶ್ಲೋಕ’ ಎಂದರೆ ಅರ್ಧ ಜನ ಒಂದನ್ನು ಹೇಳುತ್ತಾರೆ, ಉಳಿದವರು ಇನ್ನೊಂದನ್ನು. ಯಾರ ಪುಸ್ತಕ ಸರಿ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಎರಡೂ ಸರಿ. ಕೆಲವು ಪುಸ್ತಕಗಳಲ್ಲಿ ಈ ಅಧ್ಯಾಯ ಅರ್ಜುನನ ಪ್ರಶ್ನೆಯಿಂದ ಶುರುವಾಗುತ್ತದೆ: ‘ಪ್ರಕೃತಿಂ ಪುರುಷಂ ಚೈವ ಕ್ಷೇತ್ರಂ ಕ್ಷೇತ್ರಜ್ಞಮೇವ ಚ’. ಶಂಕರರ ಭಾಷ್ಯದಲ್ಲಿ ಇದಿಲ್ಲ. ಅಲ್ಲಿ ಕೃಷ್ಣನ ‘ಇದಂ ಶರೀರಂ ಕೌಂತೇಯ’ ಎಂಬುದೇ ಮೊದಲನೆಯದು. ಹೀಗಾಗಿ ಒಂದರಲ್ಲಿ 34, ಇನ್ನೊಂದರಲ್ಲಿ 35. ‘ಕ್ಷೇತ್ರಜ್ಞಂ ಚಾಪಿ ಮಾಂ ವಿದ್ಧಿ’ ಒಬ್ಬರಿಗೆ 2, ಪಕ್ಕದವರಿಗೆ 3. ಅಧ್ಯಾಯ ಮುಗಿಯುವವರೆಗೂ ಇದೇ ಕಥೆ.

ಪುಸ್ತಕದ ಒಟ್ಟು ಲೆಕ್ಕ ನೋಡಿ ತೀರ್ಮಾನಿಸಬೇಡಿ. 35 ಇಟ್ಟುಕೊಂಡೂ ಒಟ್ಟು 700 ಎನ್ನುವ ಮುದ್ರಣಗಳಿವೆ: ಮೊದಲ ಅಧ್ಯಾಯದಲ್ಲಿ ಸಾಲುಗಳನ್ನು ಬೇರೆ ರೀತಿ ಕೂಡಿಸಿ 47ರ ಬದಲು 46 ಮಾಡಿರುತ್ತಾರೆ. ಮಹಾಭಾರತದ ಕೆಲವು ಪಾಠಗಳಲ್ಲಿರುವ ಒಂದು ಶ್ಲೋಕವಂತೂ ಕೃಷ್ಣನವು 620, ಅರ್ಜುನನವು 57, ಸಂಜಯನವು 67, ಧೃತರಾಷ್ಟ್ರನದು 1 ಎನ್ನುತ್ತದೆ. ಕೂಡಿದರೆ 745! ಶಂಕರರು ಮಾತ್ರ ಭಾಷ್ಯದ ಪೀಠಿಕೆಯಲ್ಲೇ ಏಳುನೂರು ಎಂದಿದ್ದಾರೆ.

ಸಂಖ್ಯೆ ಕೂಗುವ ಬದಲು ಶ್ಲೋಕದ ಮೊದಲ ಪದ ಕೂಗಿ, ಗೊಂದಲ ಅಲ್ಲಿಗೇ ನಿಲ್ಲುತ್ತದೆ. ವಾರಕ್ಕೊಂದು ಅಧ್ಯಾಯ ಎಂದು ಹಂಚಿಕೊಂಡಿದ್ದರೆ ಅದನ್ನೂ ಬದಲಿಸಿ. 12ರಲ್ಲಿ ಇಪ್ಪತ್ತೇ ಶ್ಲೋಕ, 18ರಲ್ಲಿ 78. 11ನೇ ಅಧ್ಯಾಯದ 15ರಿಂದ 50ರವರೆಗೆ ತ್ರಿಷ್ಟುಪ್ ಛಂದಸ್ಸು. ಗೀತೆಯಲ್ಲಿ ಹೆಚ್ಚಾಗಿ ಬರುವ ಅನುಷ್ಟುಪ್ಪಿನಲ್ಲಿ ಶ್ಲೋಕಕ್ಕೆ 32 ಅಕ್ಷರ, ಇಲ್ಲಿ 44. ಅನುಷ್ಟುಪ್ಪಿನ ಓಟದಲ್ಲೇ ಹೋದರೆ ಉಸಿರು ಸಾಲದೆ ಪಾದದ (ಶ್ಲೋಕದ ಕಾಲುಭಾಗದ) ನಡುವೆ ಕಡಿಯುತ್ತದೆ. ಅಲ್ಲಿ ಪಾದಕ್ಕೊಮ್ಮೆ ನಿಲ್ಲಿಸಿ. ಕನ್ನಡದಲ್ಲಿ ತಾತ್ಪರ್ಯ ಬೇಕೆಂದರೆ ನಿಮ್ಮೂರಲ್ಲೇ ಹುಟ್ಟಿದ ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ ಇದ್ದೇ ಇದೆಯಲ್ಲ!

ಪ್ರಶ್ನೆ: ಕ್ಷೇತ್ರ ಎಂದರೆ ದೇಹ ಎನ್ನುತ್ತಾರೆ. ಹಾಗಾದರೆ ಮನಸ್ಸು ಯಾವ ಕಡೆಗೆ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಕ್ಷೇತ್ರದ ಕಡೆಗೇ. 34 ಶ್ಲೋಕಗಳ ಪಾಠದಲ್ಲಿ 5 ಮತ್ತು 6ನೇ ಶ್ಲೋಕ ನೋಡಿ. ಮಹಾಭೂತ 5, ಅಹಂಕಾರ, ಬುದ್ಧಿ, ಅವ್ಯಕ್ತ (ಮೂಲಪ್ರಕೃತಿ), ಇಂದ್ರಿಯ 10, ವಿಷಯ 5, ‘ಏಕಂ ಚ’ ಎಂಬಲ್ಲಿ ಮನಸ್ಸು: ಒಟ್ಟು 24. ಈ ‘ಏಕಂ’ ಬಿಟ್ಟುಹೋಗಿಯೇ ಹಲವರ ಲೆಕ್ಕ 23ಕ್ಕೆ ನಿಲ್ಲುತ್ತದೆ. ಅದರ ಮೇಲೆ ಇಚ್ಛೆ, ದ್ವೇಷ, ಸುಖ, ದುಃಖ, ಸಂಘಾತ (ದೇಹ, ಇಂದ್ರಿಯಗಳ ಕೂಟ), ಚೇತನಾ, ಧೃತಿ (ಧೈರ್ಯ). ಇಚ್ಛೆ, ಸುಖ, ದುಃಖ ಮೊದಲಾದವು ಆತ್ಮದ ಗುಣಗಳು ಎಂಬುದು ವೈಶೇಷಿಕ ಎಂಬ ದರ್ಶನದವರ ಮತ. ಅವನ್ನು ಕ್ಷೇತ್ರದ ಪಟ್ಟಿಗೆ ಸೇರಿಸಿ ಗೀತೆ ಆ ಮತವನ್ನು ಒಪ್ಪಲಿಲ್ಲ ಎಂದು ಶಂಕರರು ತೋರಿಸುತ್ತಾರೆ.

‘ಕ್ಷೇತ್ರ’, ಅಂದರೆ ಹೊಲ, ಎಂಬ ಹೆಸರೇ ಏಕೆ? ಶಂಕರರು ಕೊಡುವ ಕಾರಣಗಳಲ್ಲಿ ಒಂದು: ಹೊಲದಲ್ಲಿ ಬೆಳೆ ಬರುವಂತೆ ಕರ್ಮಫಲ ಬರುವುದು ಇದರಲ್ಲಿ. ಬಿತ್ತಿದ್ದು ರಾಗಿಯಾದರೆ ಬರುವುದೂ ರಾಗಿಯೇ.

ಎಡವುವುದು ‘ಚೇತನಾ’ ಎಂಬಲ್ಲಿ. ಅದನ್ನು ಆತ್ಮವೆಂದು ಓದಿಕೊಂಡರೆ ಹೊಲವನ್ನು ನೋಡುವವನೂ (ಕ್ಷೇತ್ರಜ್ಞನೂ) ಹೊಲದೊಳಗೇ ಸೇರಿಹೋಗುತ್ತಾನೆ. ಶಂಕರರ ಹೋಲಿಕೆ ಕಾದ ಕಬ್ಬಿಣದ ಉಂಡೆಯದು: ಕಬ್ಬಿಣ ಕೆಂಪಗೆ ಹೊಳೆಯುತ್ತದೆ, ಮುಟ್ಟಿದರೆ ಸುಡುತ್ತದೆ, ಆದರೆ ಆ ಬಿಸಿ ಬೆಂಕಿಯದು. ಇಲ್ಲಿ ‘ಚೇತನಾ’ ಎಂದರೆ ಹಾಗೆ ಆತ್ಮದಿಂದ ಕಾದಿರುವ ಅಂತಃಕರಣದ (ಮನಸ್ಸು, ಬುದ್ಧಿಗಳ) ವೃತ್ತಿ.