ತಾತನ ಕತ್ತಿ, ಟೊಮೇಟೊ ಚಾಕು

ಪ್ರಶ್ನೆ: ಅಟ್ಟದ ಟ್ರಂಕಿನಲ್ಲಿ ತಾತನ ಮಡಚುವ ಕ್ಷೌರದ ಕತ್ತಿ ಸಿಕ್ಕಿತು. ತುಕ್ಕು ತೆಗೆದು, ಅಡುಗೆ ಚಾಕು ಮಸೆಯುವ ಕಲ್ಲಿನಲ್ಲೇ ಮಸೆದೆ. ಹಳೇ ಬೆಲ್ಟಿಗೂ ತೀಡಿದೆ. ಕಾಗದ ಕತ್ತರಿಸುತ್ತದೆ, ಆದರೆ ಗಡ್ಡವನ್ನು ಕೀಳುತ್ತದೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಕಾಗದದ ಮಾತು ಬಿಡಿ, ಅದನ್ನು ನಮ್ಮನೆ ಈಳಿಗೆ ಮಣೆಯೂ ಕತ್ತರಿಸುತ್ತದೆ. ಮಸೆಯುವಾಗ ಕತ್ತಿಯ ಬೆನ್ನು ಎತ್ತಿ ಹಿಡಿದಿದ್ದಿರಿ, ಅಲ್ವಾ? ಚಾಕು ಮಸೆದು ಅಭ್ಯಾಸ ಇರುವವರೆಲ್ಲ ಹಾಗೇ ಮಾಡುತ್ತಾರೆ. ಕ್ಷೌರದ ಕತ್ತಿಯ ಬೆನ್ನು ಸುಮ್ನೆ ದಪ್ಪ ಇಲ್ಲ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿದರೆ ಕೋನ ತಾನಾಗಿ ಸರಿಯಾಗುತ್ತದೆ, ನಿಮ್ಮ ಕೈಗೆ ಆ ಕೆಲಸವೇ ಇಲ್ಲ.

ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. 1000 ನಂಬರಿನ ಕಲ್ಲಿಗೆ (ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು) ನೀರು ಹಾಕಿ, ಬಾಯಿ ಮುಂದೆ ಮಾಡಿ ನಾಲ್ಕೈದು ಸಲ ಎಳೆಯಿರಿ. ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಿದ್ದರೂ ಕಲ್ಲು ಅಲ್ಲಿಗೆ ಮುಟ್ಟಿಲ್ಲ ಅಂತಲೇ ಅರ್ಥ, ಮುಟ್ಟುವ ತನಕ ಮುಂದಿನ ಕಲ್ಲು ಮುಟ್ಟಬೇಡಿ. ಆಮೇಲೆ 3000 ಅಥವಾ 5000, ಕೊನೆಗೆ 8000. ಕೈ ಭಾರ ಹಾಕಬೇಡಿ, ಕತ್ತಿಯ ತೂಕವೇ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಲ್ಲು ಕುಡುಗೋಲಿಗೆ, ಚಾಕುವಿಗೆ ಚಿನ್ನದಂಥದ್ದು. ಗಡ್ಡಕ್ಕೆ ಅದು ತೀರಾ ಒರಟು, ಬಾಯಿಯಲ್ಲಿ ಸಣ್ಣ ಗರಗಸ ಬಿಟ್ಟುಹೋಗುತ್ತದೆ. ಕೂದಲು ಕೀಳುವುದು ಅದೇ.

ಇನ್ನು ಬೆಲ್ಟು. ತೊಗಲಿನ ಪಟ್ಟಿ ಮೊಂಡು ಕತ್ತಿಯನ್ನು ಹರಿತ ಮಾಡುವುದಿಲ್ಲ, ಹರಿತವಾದ ಬಾಯಿಯನ್ನು ನೇರ ಮಾಡುತ್ತದೆ ಅಷ್ಟೇ. ಇಲ್ಲಿ ಕಲ್ಲಿಗೆ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿ ಬಿಗಿಯಾಗಿರಲಿ, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಿ. ನಾನು ಮೊದಲ ದಿನ ಏನೋ ಯೋಚನೆಯಲ್ಲಿ ಬಾಯಿ ಮುಂದೆ ಮಾಡಿ ತಳ್ಳಿದೆ. ಹೊಸ ಪಟ್ಟಿಯ ನಟ್ಟನಡುವೆ ಬೆರಳುದ್ದ ಸೀಳು. ಅದು ಇನ್ನೂ ಗೋಡೆಯಲ್ಲಿ ನೇತಾಡುತ್ತಿದೆ, ಮನೆಯವರು ತೆಗೆಯಲು ಬಿಟ್ಟಿಲ್ಲ. ಒಂದು 40 ಸಲ ತೀಡಿ ಮುಂಗೈ ಕೂದಲ ಮೇಲೆ ನೋಡಿ. ಮುಗಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ಹಳೇ ಉಕ್ಕು, ನೀರಿನ ಪಸೆ ಉಳಿದರೆ ಮತ್ತೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಊರಿಗೂರೇ ಟೊಮೇಟೊ ಬೆಳೆಯುತ್ತೇವೆ, ಮನೆಯಲ್ಲಿ ಒಂದು ಟೊಮೇಟೊ ನೆಟ್ಟಗೆ ಹೆಚ್ಚುವ ಚಾಕು ಇಲ್ಲ! ಬೀದಿಗೆ ಬರುವ ಸಾಣೆಯವರಿಗೆ ಕೊಡಬಹುದಾ?
– ಗೃಹಿಣಿ, ಕೋಲಾರ

ಉತ್ತರ: ಕೊಡಿ, ಆದರೆ ಪಕ್ಕದಲ್ಲೇ ನಿಂತುಕೊಳ್ಳಿ. ಒಣ ಚಕ್ರಕ್ಕೆ ಒಂದೇ ಸಮ ಒತ್ತಿದರೆ ಅಂಚು ಕಾದು ನೀಲಿ ತಿರುಗುತ್ತದೆ, ಅಲ್ಲಿಗೆ ಉಕ್ಕಿನ ಗಡಸುತನ ಹೋಯಿತು. ಆಗಾಗ ನೀರಿಗೆ ಅದ್ದಲು ಹೇಳಿ. ಮನೆಯಲ್ಲೇ ಮಸೆಯುವುದಾದರೆ ಅಲಗು 4 ಸೆಂಟಿಮೀಟರ್ ಅಗಲ ಇದ್ದಾಗ ಬೆನ್ನನ್ನು 1 ಸೆಂಟಿಮೀಟರ್ ಎತ್ತಿ, ಸುಮಾರು 15 ಡಿಗ್ರಿ ಸಿಗುತ್ತದೆ. ಒಂದು ಕಡೆ ಮಸೆಯುತ್ತಾ ಇರಿ, ಆಚೆ ಕಡೆ ಬೆರಳಿಗೆ ಸಣ್ಣ ತರಿ ತಗಲುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಅಲ್ಲ, ಬೆನ್ನಿನಿಂದ ಹೊರಗೆ ಸವರಿ ನೋಡಿ. ತರಿ ಬುಡದಿಂದ ತುದಿವರೆಗೂ ಬಂದರೆ ಮಾತ್ರ ಮಗ್ಗುಲು ಬದಲಿಸಿ. ಕೊನೆಗೆ ಹಗುರವಾಗಿ ಒಂದೊಂದೇ ಸಲ ಆ ಕಡೆ ಈ ಕಡೆ ಎಳೆದು ತರಿ ಬಿಡಿಸಿ. ಆಮೇಲೆ ಹಣ್ಣಾದ ಟೊಮೇಟೊ ಮೇಲೆ ಚಾಕು ಇಟ್ಟು ಒತ್ತದೆ ಎಳೆಯಿರಿ. ಸಿಪ್ಪೆ ತಗ್ಗಿದರೆ ಇನ್ನೊಂದು ಸುತ್ತು ಮಸೆಯಬೇಕು.