ಅಜ್ಜನ ಬಂದೂಕಿಗೂ ಲೈಸೆನ್ಸ್ ಬೇಕಾ?

"ಅಜ್ಜನ ಕಾಲದ ಬಂದೂಕು, ನಾವು ಕೊಂಡಿದ್ದಲ್ಲ, ಅದನ್ನೂ ನಮ್ಮ ಹೆಸರಿಗೆ ಮಾಡಿಸಲೇಬೇಕಾ, ಇದು ಸರಿನಾ" ಅಂತ ಕೇಳಿದ್ದೀರಿ. ಮಾಡಿಸಬೇಕು, ಸರಿಯೂ ಹೌದು. ನಾವು ಮಾಡಿಸದೆ ತೊಂದರೆ ಪಟ್ಟವರು, ಅದಕ್ಕೇ ಹೇಳ್ತಿದ್ದೇನೆ.

ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ಬೆಳೆ ಕಾಯಲು ಅಂತ ಅಜ್ಜ ಲೈಸೆನ್ಸ್ ತೆಗೆದು ಒಂದು ಜೋಡಿ ನಳಿಗೆ ಬಂದೂಕು ಇಟ್ಟುಕೊಂಡಿದ್ದ. ಆಯುಧ ಪೂಜೆಗೆ ಕುಡುಗೋಲು, ಕೂರಿಗೆ ಪಕ್ಕ ಅದಕ್ಕೂ ವಿಭೂತಿ. ಎಲೆಕ್ಷನ್ ಬಂದರೆ ಠಾಣೆಗೆ ಒಯ್ದು ಕೊಟ್ಟು, ರಸೀದಿಯನ್ನು ಪಹಣಿ ಜೊತೆ ಟ್ರಂಕಿನಲ್ಲಿ ಇಡುತ್ತಿದ್ದ.

ಅಜ್ಜ ತೀರಿಕೊಂಡ. ಹೊಲಕ್ಕೆ ವಾರಸಾ ಮಾಡಿಸಿದೆವು, ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ ಮರೆತೆವು. ಮುಂದೆ ಅಣ್ಣತಮ್ಮಂದಿರ ನಡುವೆ ಬದುವಿನ ಜಗಳ ಶುರುವಾಯಿತು, ಒಂದು ರಾತ್ರಿ ಚಿಕ್ಕಪ್ಪ ಕುಡಿದು ಬಂದು "ಬಂದೂಕಿನಲ್ಲಿ ನನ್ನ ಪಾಲೂ ಇದೆ, ಕೊಡಿ" ಅಂತ ಬಾಗಿಲಲ್ಲಿ ನಿಂತ ನೋಡಿ, ಅವತ್ತೇ ನನಗೆ ಅರ್ಥವಾಗಿದ್ದು. ಹೊಲ ಹಂಚಬಹುದು. ಇದು ಯಾರದ್ದು, ಯಾರು ಜವಾಬ್ದಾರಿ ಅಂತ ಕಾಗದದಲ್ಲಿ ಒಬ್ಬರ ಹೆಸರು ಇರಲೇಬೇಕಲ್ವಾ?

ಮರುದಿನ ವಕೀಲರ ಹತ್ತಿರ ಹೋದರೆ ಅವರು ಮೊದಲು ಬೈದರು. ಲೈಸೆನ್ಸ್ ಇರುವುದು ಮನುಷ್ಯನಿಗೆ, ಅವನು ಹೋದ ಮೇಲೆ ಮನೆಯವರು ತಡಮಾಡದೆ ಬಂದೂಕನ್ನು ಠಾಣೆಗೋ, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೋ ಒಪ್ಪಿಸಬೇಕು ಅಂತ 1959ರ ಆಯುಧ ಕಾಯ್ದೆಯಲ್ಲೇ ಇದೆಯಂತೆ. ಸುಮ್ನೆ ಮನೆಯಲ್ಲಿಟ್ಟರೂ ಅಪರಾಧ, 2019ರ ತಿದ್ದುಪಡಿ ಆದ ಮೇಲೆ 2ರಿಂದ 5 ವರ್ಷ ಜೈಲು. ಅಪ್ಪ ಅವತ್ತೇ ಒಯ್ದು ಒಪ್ಪಿಸಿದರು. ಆಮೇಲೆ ನಮ್ಮ ಹೆಸರಿಗೆ ಲೈಸೆನ್ಸ್ ಕೊಡಿ ಅಂತ ಡಿಸಿ ಆಫೀಸಿಗೆ ಅರ್ಜಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಚಿಕ್ಕಪ್ಪನ ಸಹಿ ಹಾಕಿಸಲು ಪಟ್ಟ ಪಾಡು ಬೇರೆ ಕತೆ! ಅಲೆದಾಟ ಜಾಸ್ತಿ ಆಯ್ತು, ಅದು ನಿಜ. ತಾವಾಗಿ ಬಂದು ಒಪ್ಪಿಸಿದವರನ್ನು ಕಳ್ಳರ ಹಾಗೆ ನೋಡುವುದನ್ನಾದರೂ ಬಿಡಬೇಕು.

"ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ" ಅನ್ನುವವರಿದ್ದಾರೆ. ಅದು ಕೊಡವರಿಗೆ, ಅಲ್ಲಿನ ಜಮ್ಮಾ (ವಂಶಪಾರಂಪರ್ಯದ) ಜಮೀನಿನ ಹಿಡುವಳಿದಾರರಿಗೆ ಸರ್ಕಾರ ಕೊಟ್ಟ ವಿನಾಯಿತಿ, ನಮಗಲ್ಲ. ರಿಪೇರಿ ಮಾಡಿದರೂ ಹಾರದ ಹಳೇ ತುಕ್ಕು ಬಂದೂಕಾದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಆದರೆ ಅದನ್ನು ನೀವೇ ತೀರ್ಮಾನಿಸಬೇಡಿ, ತೋರಿಸಿ ಕೇಳಿ.

ಅಜ್ಜ ಇನ್ನೂ ಇದ್ದಾರಾ, ನೀವು ಬರೆದಿಲ್ಲ. ಇದ್ದರೆ ನಿಮಗೆ ಸುಲಭ. ಅವರಿಗೆ 70 ದಾಟಿದ್ದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರಿರುವಾಗಲೇ ವಾರಸುದಾರರ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಈ ವಾರವೇ ಹಾಕಿಸಿ.